ಸಹಾಯ ಬೇಕು: ಗ್ಡಾನ್ಸ್ಕ್‌ನಲ್ಲಿ ಕಡಿಮೆ ಖರ್ಚಿಗೆ ಎಲ್ಲಿ ಉಳಿಯೋದು?

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಮೊದಲ ವಾರ ಅಪ್ಪ ಅಮ್ಮನ ಜೊತೆ ಬರ್ಲಿನ್‌ನಿಂದ ರೈಲಿನಲ್ಲಿ ಪೋಲೆಂಡಿನ ಗ್ಡಾನ್ಸ್ಕ್‌ಗೆ ಹೊರಟಿದ್ದೇವೆ. ಮೂರ್ನಾಲ್ಕು ರಾತ್ರಿ ಉಳಿಯಬೇಕು. ಆಗ ಅಲ್ಲಿ ಸೇಂಟ್ ಡೊಮಿನಿಕ್ ಜಾತ್ರೆ. 1260ರಿಂದ ಬಂದ ಜಾತ್ರೆ ಅದು, ಹಾಗಾಗಿ ಹಳೇ ಊರಿನೊಳಗೆ ರೂಮಿನ ರೇಟು ಕೇಳಿದರೇ ತಲೆ ತಿರುಗುತ್ತೆ.

ಅದೇ ಊರಿನ ವ್ಜೆಶ್ಚ್ ಬಡಾವಣೆ ಕಡೆ ಉಳಿದರೆ ಹೇಗೆ? ಲೋಕಲ್ ರೈಲಿನಲ್ಲಿ ಹತ್ತು ನಿಮಿಷದೊಳಗೆ ಊರ ಮಧ್ಯೆ ಇರಬಹುದು. ರಜೆಯಲ್ಲಿ ಕಾಲೇಜು ಹಾಸ್ಟೆಲ್ ರೂಮು ಬಾಡಿಗೆಗೆ ಕೊಡ್ತಾರಂತೆ, ಯಾರಾದರೂ ಉಳಿದಿದ್ದೀರಾ? ಅಪ್ಪನಿಗೆ ಮಂಡಿ ನೋವು, ಲಿಫ್ಟ್ ಇರಲೇಬೇಕು. ಸೇಂಟ್ ಮೇರಿ ಚರ್ಚಿನ ಗೋಪುರಕ್ಕೆ 400ಕ್ಕೂ ಜಾಸ್ತಿ ಮೆಟ್ಟಿಲು, ಅದನ್ನು ನಾನೊಬ್ಬನೇ ಹತ್ತುತ್ತೇನೆ ಬಿಡಿ.

1939ರ ಸೆಪ್ಟೆಂಬರ್ 1ರಂದು ಯುದ್ಧ ಶುರುವಾದ ವೆಸ್ಟರ್‌ಪ್ಲಾಟೆಗೆ ದೋಣಿ ಒಳ್ಳೆಯದಾ, ಬಸ್ಸಾ? ಮಾಲ್ಬೋರ್ಕ್ ಕೋಟೆಗೆ ಅರ್ಧ ದಿನ ಸಾಕಾ? ಅಮ್ಮನ ಕಣ್ಣು ಮಾತ್ರ ಮರಿಯಾತ್ಸ್ಕಾ ಬೀದಿಯ ಅಂಬರ್ (ಹಳೇ ಕಾಲದ ಮರದ ಅಂಟು ಗಟ್ಟಿಯಾಗಿ ಆದ, ಒಡವೆಗೆ ಬಳಸೋ ಕಲ್ಲು) ಅಂಗಡಿಗಳ ಮೇಲೆ. ಅಸಲಿ ಅಂಬರ್ ಉಪ್ಪುನೀರಿನಲ್ಲಿ ತೇಲುತ್ತೆ ನಿಜ, ಆದರೆ ಅಂಗಡಿಯವನ ಎದುರು ಲೋಟ ಇಟ್ಟುಕೊಂಡು ಕೂರೋಕಾಗುತ್ತಾ!

ಊಟ ಸಸ್ಯಾಹಾರಿ. ಆಲೂಗಡ್ಡೆ ಪಿಯೆರೋಗಿ (ನಮ್ಮ ಕಡುಬಿನಂಥ ಪೋಲಿಷ್ ತಿನಿಸು) ತಿನ್ನಬಹುದು, ಆದರೆ ಮೇಲೆ ಹಂದಿಕೊಬ್ಬಿನ ಚೂರು ಉದುರಿಸೋದುಂಟು. ಅದು ಬೇಡ ಅನ್ನೋದನ್ನು ಪೋಲಿಷ್‌ನಲ್ಲಿ ಹೇಗೆ ಹೇಳೋದು, ಯಾರಾದರೂ ಕನ್ನಡದಲ್ಲಿ ಬರೆದುಕೊಡಿ.