ಕಾಂಗ್ ರೇಟ್ ಲಿಮಿಟ್: 60 ಅಂತ ಹಾಕಿದ್ರೆ 120 ಬಿಡ್ತಿದೆ, ಯಾಕೆ?

ಬಂಗುಡೆ_ಪುಳಿಮುಂಚಿ (ಮಂಗಳೂರು):
ಧಕ್ಕೆಯ ಮೀನಿನ ದರ ತೋರಿಸುವ ಸಣ್ಣ ಆ್ಯಪ್ ಒಂದು ಉಂಟು ನಮ್ಮದು. ಬೆಳಿಗ್ಗೆ ಬೋಟ್ ಬರುವ ಹೊತ್ತಿಗೆ ಎಲ್ಲರೂ ಒಟ್ಟಿಗೇ ಮುಗಿಬೀಳುತ್ತಾರೆ. ಅದಕ್ಕೆ ಆ್ಯಪ್‌ನ ರಿಕ್ವೆಸ್ಟ್‌ಗಳು ದಾಟಿ ಬರುವ ಗೇಟ್‌ವೇ ಆದ ಕಾಂಗ್ ಕನೆಕ್ಟ್‌ನಲ್ಲಿ, ಒಬ್ಬರಿಗೆ ನಿಮಿಷಕ್ಕೆ ಇಷ್ಟೇ ರಿಕ್ವೆಸ್ಟ್ ಅಂತ ಮಿತಿ ಹಾಕುವ ರೇಟ್ ಲಿಮಿಟಿಂಗ್ ಪ್ಲಗಿನ್ ಹಾಕಿದ್ದೇನೆ. ಸೆಟ್ಟಿಂಗ್ ಬರೆದದ್ದು ಪುಲುಮಿಯಲ್ಲಿ (ಕೋಡ್ ಬರೆದು ಸೆಟಪ್ ಮಾಡುವ ಟೂಲ್), ಭಾಷೆ ಟೈಪ್‌ಸ್ಕ್ರಿಪ್ಟ್. ‘ಮಿನಿಟ್’ 60, ‘ಪಾಲಿಸಿ’ ಲೋಕಲ್. ಟೈಪ್ ಎರರ್ ಇಲ್ಲ, ಜಾರಿಗೆ ಮೊದಲು ಬದಲಾವಣೆ ತೋರಿಸುವ ಪ್ರಿವ್ಯೂ ಕೂಡ ಕ್ಲೀನ್. ಆದರೂ ಒಂದೇ ಫೋನಿನಿಂದ ನಿಮಿಷಕ್ಕೆ 120ರ ಹತ್ತಿರ ರಿಕ್ವೆಸ್ಟ್ ದಾಟುತ್ತಿವೆ. ಡೇಟಾ ಪ್ಲೇನ್ ನೋಡ್ (ರಿಕ್ವೆಸ್ಟ್ ದಾಟಿಸುವ ಸರ್ವರ್) ಎರಡು ಉಂಟು.

ಮಲ್ಪೆ_ಗಾಳಿ:
ಎರಡು ನೋಡ್ ಅಲ್ವಾ, ಅದೇ ಕಾರಣ ಮಾರಾಯ್ರೆ. ಲೋಕಲ್ ಅಂದರೆ ಪ್ರತಿ ನೋಡ್ ತನ್ನ ಮೆಮೊರಿಯಲ್ಲೇ ಲೆಕ್ಕ ಇಡುತ್ತದೆ. ಒಂದೇ ಅಂಗಡಿಗೆ ಎರಡು ಗಲ್ಲಾಪೆಟ್ಟಿಗೆ ಇಟ್ಟ ಹಾಗೆ. ‘ಮಿನಿಟ್’ಗೆ ನಂಬರ್ ಬದಲು ಸ್ಟ್ರಿಂಗ್ ಕೊಟ್ಟರೆ ಟೈಪ್‌ಸ್ಕ್ರಿಪ್ಟ್ ಅಲ್ಲೇ ಹಿಡಿಯುತ್ತದೆ. ನಿಮ್ಮಲ್ಲಿ ನೋಡ್ ಎಷ್ಟು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಪಾಲಿಸಿಯನ್ನು ‘ರೆಡಿಸ್’ (ಎರಡೂ ನೋಡ್ ಒಂದೇ ಕಡೆ ಲೆಕ್ಕ ಇಡಲು ಬಳಸುವ ಡೇಟಾಬೇಸ್) ಮಾಡಿ, ಅದರ ಹೋಸ್ಟ್, ಪೋರ್ಟ್ ಕೊಡಿ. ‘ಕ್ಲಸ್ಟರ್’ (ಕಾಂಗ್‌ನದೇ ಡೇಟಾಬೇಸ್‌ನಲ್ಲಿ ಲೆಕ್ಕ ಇಡುವ ಪಾಲಿಸಿ) ಕನೆಕ್ಟ್‌ನಲ್ಲಿ ನಡೆಯುವುದಿಲ್ಲ, ಸುಮ್ನೆ ಪ್ರಯತ್ನಿಸಬೇಡಿ.

ಟೈಪ್_ಭಟ್ರು (ಉಡುಪಿ):
ರೆಡಿಸ್ ಪಾಸ್‌ವರ್ಡ್ ಕೋಡ್‌ನಲ್ಲಿ ಬರೆದು ಗಿಟ್‌ಗೆ ಹಾಕಬೇಡಿ. ಪುಲುಮಿ ಕಾನ್ಫಿಗ್‌ನಲ್ಲಿ ಸೀಕ್ರೆಟ್ ಆಗಿ ಸೆಟ್ ಮಾಡಿ, ಕೋಡ್‌ನಲ್ಲಿ ‘ರಿಕ್ವೈರ್‌ಸೀಕ್ರೆಟ್’ನಿಂದ ತೆಗೆದುಕೊಳ್ಳಿ. ಆಗ ಪುಲುಮಿ ಇಟ್ಟುಕೊಳ್ಳುವ ದಾಖಲೆಯಾದ ಸ್ಟೇಟ್‌ನಲ್ಲೂ ಎನ್‌ಕ್ರಿಪ್ಟ್ ಆಗಿರುತ್ತದೆ. ಮತ್ತೆ, ಪ್ಲಗಿನ್‌ಗೆ ಸರ್ವಿಸ್ ಐಡಿ ಕೊಟ್ಟಿದ್ದೀರಾ? ಸರ್ವಿಸ್, ರೂಟ್, ಕನ್ಸ್ಯೂಮರ್ ಯಾವುದೂ ಇಲ್ಲದಿದ್ದರೆ ಅದು ಆ (ಸೆಟ್ಟಿಂಗ್‌ಗಳನ್ನು ಇಡುವ) ಕಂಟ್ರೋಲ್ ಪ್ಲೇನ್‌ನ ಎಲ್ಲದಕ್ಕೂ ಬೀಳುತ್ತದೆ. ಟೈಪ್ ಪ್ರಕಾರ ಅದು ಆಪ್ಷನಲ್, ಹಾಗಾಗಿ ಕಂಪೈಲರ್ ಬಾಯಿ ಬಿಡುವುದಿಲ್ಲ.

ಬಂಗುಡೆ_ಪುಳಿಮುಂಚಿ:
ಸರ್ವಿಸ್ ಐಡಿ ಉಂಟು ಭಟ್ರೆ. ರೆಡಿಸ್‌ಗೆ ಬದಲಾಯಿಸಿದೆ, ಈಗ 61ನೆಯದಕ್ಕೇ 429 (ಮಿತಿ ಮೀರಿತು ಎನ್ನುವ ಎರರ್) ಬರ್ತಿದೆ. ಪ್ರತಿ ರಿಕ್ವೆಸ್ಟ್‌ಗೂ ರೆಡಿಸ್ ಕೇಳಿ ಬರುವುದರಿಂದ ಸ್ವಲ್ಪ ನಿಧಾನ ಆಗಬಹುದಾ?

ಮಲ್ಪೆ_ಗಾಳಿ:
ಸ್ವಲ್ಪ ಆಗ್ತದೆ. ರೆಡಿಸನ್ನು ನೋಡ್‌ಗಳ ರೀಜನ್‌ನಲ್ಲೇ ಇಡಿ.