ಪದಚರ್ಚೆ: ‘ಕೋರಿಸ್ಟರ್’ಗೆ ಕನ್ನಡದಲ್ಲಿ ಏನನ್ನೋಣ? ಪುಟ ಶುಕ್ರವಾರ ಅಚ್ಚಿಗೆ

ಪ್ರಶ್ನೆ (ಬೆಂಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ಮಕ್ಕಳ ಚಿತ್ರಪುಸ್ತಕವೊಂದರ ಅನುವಾದ ಕೈಯಲ್ಲಿದೆ. ಒಂದು ಜೋಡಿಪುಟ ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೀಡ್ರಲ್‌ನಲ್ಲಿ (ಬಿಷಪರ ಚರ್ಚು) ಹಾಡುವ ಮಕ್ಕಳದು. ಎಂಟು ವರ್ಷದ ಹುಡುಗಿ ಅಲ್ಲಿನ ಕ್ವಾಯರ್, ಅಂದರೆ ಹಾಡುವ ತಂಡ, ಸೇರುವುದು ಹೇಗೆ ಅನ್ನುವುದೇ ವಿಷಯ. ನಡುವೆ ಅವಳ ದೊಡ್ಡ ಚಿತ್ರ, ಉಡುಪಿನ ಒಂದೊಂದು ಭಾಗಕ್ಕೂ ಬಾಣ, ಬಾಣದ ತುದಿಗೆ ಪುಟ್ಟ ಚೌಕ. ಚೌಕದಲ್ಲಿ ಹತ್ತು ಅಕ್ಷರಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.

ಬೇಕಾದ ಪದಗಳು: ಕೋರಿಸ್ಟರ್ (ಕ್ವಾಯರ್‌ನಲ್ಲಿ ಹಾಡುವ ಮಗು), ಪ್ರೊಬೇಷನರ್ (ಇನ್ನೂ ಕಲಿಯುತ್ತಿರುವ ಹೊಸ ಮಗು), ಟ್ರೆಬಲ್ (ಮಕ್ಕಳು ಹಾಡುವ ಮೇಲಿನ ದನಿ), ವಾಯ್ಸ್ ಟ್ರಯಲ್ (ಸೇರುವ ಮುಂಚಿನ ಹಾಡಿನ ಪರೀಕ್ಷೆ), ಕ್ಯಾಸಕ್ (ಉದ್ದನೆಯ ನಿಲುವಂಗಿ), ಸರ್ಪ್ಲಿಸ್ (ಅದರ ಮೇಲಿನ ಬಿಳಿ ಅಂಗಿ); ಜೊತೆಗೆ ಎದುರುಬದುರು ನಿಲ್ಲುವ ಎರಡು ಸಾಲುಗಳ ಹೆಸರು, ಡೆಕೇನೈ ಮತ್ತು ಕ್ಯಾಂಟೋರಿಸ್. ಕರಡಿನಲ್ಲಿ ಕೋರಿಸ್ಟರ್‌ಗೆ ‘ಬಾಲಗಾಯಕಿ’, ಪ್ರೊಬೇಷನರ್‌ಗೆ ‘ಕಾಯಂಪೂರ್ವ ಗಾಯಕಿ’, ಟ್ರೆಬಲ್‌ಗೆ ‘ತಾರಸ್ಥಾಯಿ’ ಅಂತ ಇಟ್ಟಿದ್ದೇನೆ. ಮೂರೂ ಸರಿ ಅನ್ನಿಸುತ್ತಿಲ್ಲ. ಶುಕ್ರವಾರ ಮಧ್ಯಾಹ್ನದೊಳಗೆ ತೀರ್ಮಾನ ಆಗಬೇಕು.

ಉತ್ತರ 1 (ಶಿವಮೊಗ್ಗದಿಂದ)

ಕ್ವಾಯರ್ = ಹಾಡುಗೂಟ. ಅದರೊಳಗಿನವರು ಹಾಡುಗರು. ಆಡು-ಆಟ, ಓಡು-ಓಟ, ನೋಡು-ನೋಟ, ಕೂಡು-ಕೂಟ. ಈ ‘ಕೂಟ’ ನಮ್ಮದೇ. ಬೆಟ್ಟದ ತುದಿ ಎನ್ನುವ ಸಂಸ್ಕ್ರುತದ ‘ಕೂಟ’ ಬೇರೆ. ‘ಹಾಡು’ ಮುಂದೆ ಬಂದಾಗ ಕಕಾರ ಗಕಾರ ಆಗುವುದಕ್ಕೆ ಹಳಗನ್ನಡದ ‘ಪಾಡುಗಬ್ಬ’ವೇ ಮಾದರಿ. ಪ್ರೊಬೇಶನರ್ = ಕಲಿಗ. ಟ್ರೆಬಲ್ = ಮೇಲುಲಿ. ಸರ್ಪ್ಲಿಸ್ = ಬೆಳ್ಳಂಗಿ. ಗಾಯಕ, ಬಾಲಕ, ಸ್ತಾಯಿ ಇವು ಯಾವುವೂ ಬೇಡ. ಮಕ್ಕಳ ಹೊತ್ತಗೆಯಲ್ಲಾದರೂ ಕನ್ನಡ ಇರಲಿ.

ಉತ್ತರ 2 (ಬ್ರಿಸ್ಟಲ್‌ನಿಂದ)

ಪದ ಕಟ್ಟುವ ಮುಂಚೆ, ಆ ಮಗು ಅಲ್ಲಿ ಏನು ಮಾಡುತ್ತದೆ ಅನ್ನುವುದು ಗೊತ್ತಿರಬೇಕು. ಇಂಗ್ಲಿಷ್ ಕೆಥೀಡ್ರಲ್‌ಗಳಲ್ಲಿ ಹಾಡುವವರೆಲ್ಲ ಕೋರಿಸ್ಟರ್‌ಗಳಲ್ಲ. ಆ ಹೆಸರು ಮಕ್ಕಳಿಗೆ ಮಾತ್ರ, ಹೆಚ್ಚುಕಡಿಮೆ ಎಂಟರಿಂದ ಹದಿಮೂರರವರೆಗೆ. ಆಲ್ಟೊ, ಟೆನರ್, ಬೇಸ್ ಎಂಬ ಕೆಳಗಿನ ದನಿಗಳನ್ನು ಹಾಡುವ ದೊಡ್ಡವರು ಸಾಮಾನ್ಯವಾಗಿ ಲೇ ಕ್ಲರ್ಕ್‌ಗಳು, ಅವರಿಗೆ ಸಂಬಳ. ಹಾಗಾಗಿ ‘ಹಾಡುಗ’ ಅಂದರೆ ಅರ್ಧ ತಪ್ಪಿಹೋಗುತ್ತದೆ. ಅದು ಲೇ ಕ್ಲರ್ಕ್‌ಗೂ ಹೊಂದುತ್ತದೆ. ‘ಬಾಲಗಾಯಕಿ’ ಅಂದರೆ ಟಿವಿ ಸ್ಪರ್ಧೆಯ ಮಗುವೇ ಕಣ್ಣಮುಂದೆ ಬರುತ್ತದೆ. ಇದು ಒಂಟಿಯಾಗಿ ಹಾಡಿ ಹೆಸರು ಮಾಡುವ ಕೆಲಸವಲ್ಲ. ದಿನಾ ಬೆಳಿಗ್ಗೆ ಪಾಠ ಶುರುವಾಗುವ ಮುಂಚೆ ಅಭ್ಯಾಸ, ಸಂಜೆ ಪ್ರಾರ್ಥನೆಗೆ ಮುಂಚೆ ಇನ್ನೊಂದು ಸಣ್ಣ ಅಭ್ಯಾಸ, ಆಮೇಲೆ ಮುಕ್ಕಾಲು ಗಂಟೆಯ ಪ್ರಾರ್ಥನೆ. ಕ್ರಿಸ್‌ಮಸ್, ಈಸ್ಟರ್‌ನಲ್ಲಿ ಬೇರೆ ಮಕ್ಕಳು ರಜೆಗೆ ಮನೆಗೆ ಹೋದರೂ ಇವರು ಉಳಿಯಬೇಕು. ಬೇಕಾಗಿರುವ ಪದದಲ್ಲಿ ‘ಮಗು’ವೂ ಇರಬೇಕು, ‘ತಂಡದ ಸದಸ್ಯತನ’ವೂ ಇರಬೇಕು.

ವಾಯ್ಸ್ ಟ್ರಯಲ್‌ಗೆ ‘ಧ್ವನಿಪರೀಕ್ಷೆ’ ಅನ್ನಬೇಡಿ, ಅದು ಗಂಟಲು ಡಾಕ್ಟರ ಹತ್ತಿರ ಮಾಡಿಸುವಂಥದ್ದು. ಮಗು ಸಿದ್ಧಮಾಡಿಕೊಂಡು ಬಂದ ಒಂದು ಚಿಕ್ಕ ಹಾಡು ಹಾಡಬೇಕು. ಆಮೇಲೆ ಪಿಯಾನೋದಲ್ಲಿ ಅರ್ಧರ್ಧ ಸ್ವರ ಏರಿಸುತ್ತಾ ದನಿ ಎಲ್ಲಿಯವರೆಗೆ ಹೋಗುತ್ತದೆ ನೋಡುತ್ತಾರೆ. ಚಪ್ಪಾಳೆಯಲ್ಲಿ ಕೊಟ್ಟ ಲಯವನ್ನು ಹಾಗೇ ತಿರುಗಿಸಿ ಕೊಡಬೇಕು. ಎರಡು ಮೂರು ಸ್ವರ ಒಟ್ಟಿಗೆ ಬಾರಿಸಿ ನಡುವಿನದನ್ನು ಹಾಡು ಅನ್ನುತ್ತಾರೆ. ಬೈಬಲಿನ ಕೀರ್ತನೆಯ ನಾಲ್ಕು ಸಾಲು ಗಟ್ಟಿಯಾಗಿ ಓದಿಸುವುದೂ ಉಂಟು, ಯಾಕೆಂದರೆ ಓದು ತಡವರಿಸಿದರೆ ಹಾಡೂ ತಡವರಿಸುತ್ತದೆ. ಹೆಚ್ಚಾಗಿ ಎಡವುವುದು ಹಾಡಿನ ಆಯ್ಕೆಯಲ್ಲಿ: ಮೈಕಿಗೆ ಒಗ್ಗಿದ ಸಿನಿಮಾ ಹಾಡು, ಅದೂ ತಗ್ಗಿನ ಶ್ರುತಿಯಲ್ಲಿ. ಎದೆಯಿಂದ ತಳ್ಳಿ ಹಾಡಿದ ದನಿ ಮೇಲೆ ಹೋಗುತ್ತಾ ಒಡೆಯುತ್ತದೆ, ಹಗುರವಾದ ಮೇಲಿನ ದನಿ ಆ ಮಗುವಿನಲ್ಲಿ ಇದೆಯೋ ಇಲ್ಲವೋ ಕೇಳುವವರಿಗೆ ತಿಳಿಯುವುದೇ ಇಲ್ಲ. ಒಂದು ಸರಳ ಸ್ತುತಿಗೀತೆ ಸಾಕು. ‘ಹಾಡಿನ ಆಯ್ಕೆಪರೀಕ್ಷೆ’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಅದು ಚೌಕದಲ್ಲಲ್ಲ, ಪಠ್ಯದಲ್ಲಿ ಬರುವ ಪದ ತಾನೇ?

ಇನ್ನು ಬಾಣಗಳ ಮಾತು. ಪ್ರೊಬೇಷನರ್ ಹಾಕುವುದು ಕ್ಯಾಸಕ್ ಒಂದನ್ನೇ, ಕಾಲ್ಮಟ್ಟದ ನಿಲುವಂಗಿ. ಸಾಲ್ಸ್‌ಬರಿಯಲ್ಲಿ ಅದು ಹಸಿರು. ಸುಮಾರು ಒಂದು ವರ್ಷ ಕಲಿತಮೇಲೆ ಪೂರ್ಣ ಸದಸ್ಯೆಯಾಗುವ ದಿನ ಅದರ ಮೇಲೆ ಬಿಳಿಯ ಸರ್ಪ್ಲಿಸ್ ತೊಡಿಸುತ್ತಾರೆ. ನಿಮ್ಮ ಚಿತ್ರದ ಹುಡುಗಿಯ ಮೈಮೇಲೆ ಬಿಳಿ ಅಂಗಿ ಇದ್ದರೆ ‘ಪ್ರೊಬೇಷನರ್’ ಬಾಣವನ್ನು ಅವಳಿಗೆ ಇಡಲೇಬೇಡಿ. ಪದ ಯಾವುದೇ ಇರಲಿ, ಅದು ತಪ್ಪು.

ಉತ್ತರ 3 (ಮೈಸೂರಿನಿಂದ)

‘ತಾರಸ್ಥಾಯಿ’ ಸಲ್ಲದು. ಟ್ರೆಬಲ್ ಎಂಬುದು ದನಿಯ ವಿಭಾಗ, ಸ್ಥಾಯಿಯಲ್ಲ. ಅದರ ವ್ಯಾಪ್ತಿ ಪಿಯಾನೋದ ನಡುವಿನ ಸಿ ಇಂದ ಹಿಡಿದು ಮುಂದಿನ ಸ್ಥಾಯಿಯ ಎ ತನಕ, ಅಂದರೆ ಸುಮಾರು ಒಂದೂಮುಕ್ಕಾಲು ಸ್ಥಾಯಿ. ಆ ಸಿ ಯನ್ನೇ ಷಡ್ಜ ಮಾಡಿಕೊಂಡರೆ ಮಧ್ಯಸ್ಥಾಯಿ ಪೂರ್ತಿ, ಮೇಲೆ ತಾರಸ್ಥಾಯಿಯ ಧೈವತದವರೆಗೆ. ‘ತಾರಸ್ಥಾಯಿ’ ಅಂದರೆ ಕೆಳಗಿನ ಇಡೀ ಸ್ಥಾಯಿಯನ್ನು ಕತ್ತರಿಸಿ ಎಸೆದಂತೆ. ಶಿವಮೊಗ್ಗದವರ ‘ಮೇಲುಲಿ’ಯೂ ಅಷ್ಟಕ್ಕಷ್ಟೆ, ಹಕ್ಕಿಯ ಕೂಗಿನಂತೆ ಕೇಳುತ್ತದೆ. ಟ್ರೆಬಲ್ ಪದದ ಮೂಲದಲ್ಲೂ ಎತ್ತರದ ಮಾತಿಲ್ಲ: ಲ್ಯಾಟಿನ್ನಿನಲ್ಲಿ ‘ಮೂರು ಪಟ್ಟು’, ಹಳೆಯ ಬಹುಕಂಠ ಗಾಯನದಲ್ಲಿ ಟೆನರ್ ಮೇಲೆ ಕಟ್ಟಿದ ಮೂರನೇ ಎಳೆ. ‘ಮಕ್ಕಳ ಮೇಲ್ದನಿ’ ಅಂತ ಬಿಡಿಸಿ ಬರೆಯಿರಿ, ಇಲ್ಲವೇ ಟ್ರೆಬಲ್ ಅಂತಲೇ ಇಡಿ.

ಉತ್ತರ 4 (ಉಡುಪಿಯಿಂದ)

ಪ್ರೊಬೇಷನರ್‌ಗೆ ಹೊಸದಾಗಿ ಯಾಕೆ ಕಟ್ಟಬೇಕು? ಯಕ್ಷಗಾನದಲ್ಲಿ ಮೇಳಕ್ಕೆ ಸೇರಿದ ಹುಡುಗರು ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಹೀಗೆ ಮೆಟ್ಟಿಲು ಹತ್ತುತ್ತಾರೆ. ‘ಮೇಳದ ಮಕ್ಕಳು’ ಅಂದರೆ ಕೋರಿಸ್ಟರ್ ಆಯಿತು. ‘ಹಿಮ್ಮೇಳ’ವನ್ನೂ ಯೋಚಿಸಬಹುದು.

ಉತ್ತರ 5 (ಧಾರವಾಡದಿಂದ)

ಹಿಮ್ಮೇಳ ಬೇಡ್ರೀ. ಹಿಮ್ಮೇಳ ಅಂದ್ರ ಮುಂದ ಮುಮ್ಮೇಳ ಇರಬೇಕು. ಇಲ್ಲಿ ಹಾಡೋದೇ ಪೂಜಾ, ಅವರ ಮುಂದ ಕುಣಿಯೋರು ಯಾರೂ ಇಲ್ಲ. ಕೋಡಂಗಿ ಅಂದ್ರ ಘಟ್ಟದ ಮ್ಯಾಲಿನ ಹುಡುಗರು ಬೈಗುಳ ಅಂತ ತಿಳಕೋತಾರ.

ಶಿವಮೊಗ್ಗದವರಿಗೆ ಎರಡು ಮಾತು. ‘ಪಾಡುಗಬ್ಬ’ವನ್ನು ಅಚ್ಚಗನ್ನಡದ ಸಾಕ್ಷಿಗೆ ಕರೆದಿದ್ದೀರಿ. ಅದರೊಳಗಿನ ‘ಕಬ್ಬ’ ‘ಕಾವ್ಯ’ದ ತದ್ಭವ. ನಿಮ್ಮ ಸಾಕ್ಷಿಯೇ ನಿಮ್ಮ ವಿರುದ್ಧ ಹೇಳಿಕೆ ಕೊಡುತ್ತಿದೆ. ಎರಡನೆಯದು, ಆದೇಶಸಂಧಿ ವ್ಯಾಕರಣಕ್ಕೆ ಸರಿ, ಓದಿಗೆ ಸರಿಯಲ್ಲ. ಹತ್ತು ವರ್ಷದ ಮಗು ‘ಹಾಡುಗೂಟ’ ಓದಿದರೆ ಕಾಣುವುದು ದನ ಕಟ್ಟುವ ಗೂಟ. ಸಂಧಿ ಬಿಟ್ಟು ‘ಹಾಡುಕೂಟ’ ಅನ್ನಿ, ಆಗ ಒಪ್ಪುತ್ತೇನೆ.

‘ಹಾಡುವೃಂದ’ ಅಂತ ಯಾರಾದರೂ ಹೇಳುವ ಮುಂಚೆಯೇ ಹೇಳಿಬಿಡುತ್ತೇನೆ: ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು. ವ್ಯಾಕರಣಕಾರ ಕೇಶಿರಾಜ ಸುಮ್ಮನೆ ಬಯ್ದಿಲ್ಲ. ‘ಗಾನವೃಂದ’ ಆದರೆ ಎರಡೂ ಕಡೆ ಸಂಸ್ಕೃತ, ತಕರಾರಿಲ್ಲ. ‘ಕಾಯಂಪೂರ್ವ’ ಸರ್ಕಾರಿ ನೌಕರನ ಕಡತದ ಮಾತು. ಎಂಟು ವರ್ಷದ ಕೂಸಿಗೆ ಅದನ್ನು ಅಂಟಿಸಬೇಡಿ.

ಉತ್ತರ 6 (ಮಂಗಳೂರಿನಿಂದ)

ಇಲ್ಲಿ ಕಟ್ಟುತ್ತಿರುವವರು ಒಂದು ಸಂಗತಿ ಮರೆತಿದ್ದಾರೆ: ಕನ್ನಡ ಮಾತಾಡುವ ಕ್ರೈಸ್ತರು ಇದ್ದಾರೆ, ಅವರಿಗೆ ಪದಗಳೂ ಇವೆ. ಕೆಥೀಡ್ರಲ್‌ಗೆ ಕಥೋಲಿಕರು ‘ಪ್ರಧಾನಾಲಯ’ ಅನ್ನುತ್ತಾರೆ. ದೊಡ್ಡ ಚರ್ಚು ಅನ್ನುವ ಅರ್ಥದಲ್ಲಲ್ಲ; ಬಿಷಪರ ಪೀಠ ಇರುವ ಚರ್ಚು, ಗ್ರೀಕಿನ ‘ಕಥೆದ್ರ’ ಅಂದರೆ ಆಸನ. ಸಾಲ್ಮ್ ‘ಕೀರ್ತನೆ’. ಕ್ವಾಯರ್ ‘ಗಾನವೃಂದ’, ಬಾಯಿಮಾತಿನಲ್ಲಿ ‘ಕ್ವಾಯರ್’. ಪೂಜೆಯಲ್ಲಿ ನೆರವಾಗುವ ಹುಡುಗರು ‘ಪೀಠಬಾಲಕರು’. ಅವರು ಹಾಡುವವರಲ್ಲ, ಅನುವಾದಗಳಲ್ಲಿ ಈ ಎರಡನ್ನೂ ಕಲಸುತ್ತಾರೆ, ಎಚ್ಚರ.

ಸಾಲದ ಪದ ಅಂದರೆ ಯಾಕಿಷ್ಟು ಮುನಿಸು? ಕರಾವಳಿಯ ‘ಇಗರ್ಜಿ’ ಪೋರ್ಚುಗೀಸರದು, ಅವರಿಗೆ ಲ್ಯಾಟಿನ್ನಿನಿಂದ, ಲ್ಯಾಟಿನ್ನಿಗೆ ಗ್ರೀಕಿನಿಂದ. ‘ಪಾದ್ರಿ’ ಹಾಗೆಯೇ. ‘ಮೇಸ್ತ್ರಿ’ಯೂ ಪೋರ್ಚುಗೀಸಿನ ‘ಮೆಸ್ತ್ರೆ’. ಗೋವೆಯ ಇಗರ್ಜಿಗಳಲ್ಲಿ ಮಕ್ಕಳಿಗೆ ಸ್ವರ, ಪಿಟೀಲು ಕಲಿಸಿ ಹಾಡಿಸುವವನೇ ಮೆಸ್ತ್ರೆ. ಆ ಪದ ಕನ್ನಡಕ್ಕೆ ಬಂದು ಗಾರೆ ಕೆಲಸದ ಮೇಲುಸ್ತುವಾರಿ ನೋಡುತ್ತಿದೆ. ಅದನ್ನು ಹೊರಗಟ್ಟಿ ನಾಳೆ ಮನೆ ಕಟ್ಟಿಸಿ ನೋಡೋಣ.

ಇಂಗ್ಲಿಷಿನ ‘ಕ್ವಾಯರ್’ ಕೂಡ ಸಾಲದ್ದೇ. ಗ್ರೀಕಿನ ‘ಖೊರೊಸ್’ ಮೊದಲಿಗೆ ಕುಣಿತದ ಗುಂಪು. ಇಂಗ್ಲಿಷಿನವರು ಉಚ್ಚಾರಕ್ಕೆ ತಕ್ಕಂತೆ ‘ಕ್ಯು’ ಅಕ್ಷರದಿಂದ ಬರೆಯುತ್ತಿದ್ದರು, ಇಂಗ್ಲೆಂಡ್ ಚರ್ಚಿನ 1662ರ ಪ್ರಾರ್ಥನಾ ಪುಸ್ತಕದಲ್ಲೂ ಹಾಗೇ ಇದೆ. ಆಮೇಲೆ ಲ್ಯಾಟಿನ್ನಿಗೆ ಹತ್ತಿರವಾಗಲೆಂದು ಕಾಗುಣಿತ ತಿದ್ದಿದರು, ಉಚ್ಚಾರ ಹಳೆಯದೇ ಉಳಿಯಿತು. 1382ರಲ್ಲಿ ಸ್ಥಾಪನೆಯಾದ ವಿಂಚೆಸ್ಟರ್ ಕಾಲೇಜಿನಲ್ಲಿ ಹಾಡುವ ಹುಡುಗರನ್ನು ಇವತ್ತಿಗೂ ‘ಕ್ವಿರಿಸ್ಟರ್’ ಅನ್ನುತ್ತಾರೆ.

ಉತ್ತರ 7 (ಶಿವಮೊಗ್ಗದಿಂದ)

‘ಕಬ್ಬ’ದ ಮಾತು ಒಪ್ಪಿದೆ. ಆದರೆ ಕಾವ್ಯವನ್ನು ಕಬ್ಬ ಮಾಡಿಕೊಂಡವರು ಕನ್ನಡಿಗರು, ನಾಲಿಗೆಗೆ ತಕ್ಕಂತೆ ಬಗ್ಗಿಸಿಕೊಂಡರು. ‘ಗಾನವ್ರುಂದ’ದಲ್ಲಿ ಯಾರು ಏನು ಬಗ್ಗಿಸಿದ್ದಾರೆ? ಮೇಸ್ತ್ರಿ ಬಗ್ಗಿ ಬಂದದ್ದು, ನನಗೆ ಅದರ ಮೇಲೆ ಮುನಿಸಿಲ್ಲ. ‘ಕೋರಿಸ್ಟರ್’ ಬಗ್ಗದೆ ಬರುತ್ತಿದೆ, ಅದಕ್ಕೆ ಬೇಡ. ಹಾಡುಕೂಟ ಆಗಬಹುದು.

ಉತ್ತರ 8 (ಮೈಸೂರಿನಿಂದ)

ಮಹಾಪ್ರಾಣ ಬಿಟ್ಟು ಬರೆದರೆ ಪದ ಕನ್ನಡವಾಗುವುದಿಲ್ಲ. ಇಷ್ಟು ಸಾಕು, ಡೆಕೇನೈಗೆ ಬನ್ನಿ.

ಉತ್ತರ 9 (ಬ್ರಿಸ್ಟಲ್‌ನಿಂದ)

ಡೆಕೇನೈ ಅಂದರೆ ‘ಡೀನ್‌ನ’, ಕ್ಯಾಂಟೋರಿಸ್ ಅಂದರೆ ‘ಹಾಡಿನ ಮುಖ್ಯಸ್ಥನ’. ಎರಡೂ ಲ್ಯಾಟಿನ್ ಷಷ್ಠಿ ವಿಭಕ್ತಿ, ‘ಕಡೆ’ ಅನ್ನುವುದು ಒಳಗೇ ಅಡಗಿದೆ. ಕೆಥೀಡ್ರಲ್‌ನ ಮುಖ್ಯ ಪಾದ್ರಿಯಾದ ಡೀನ್ ಕೂರುವುದು ದಕ್ಷಿಣಕ್ಕೆ, ಹಾಡಿನ ಮುಖ್ಯಸ್ಥ, ಅಂದರೆ ಪ್ರಿಸೆಂಟರ್, ಉತ್ತರಕ್ಕೆ. ಆದ್ದರಿಂದ ‘ತೆಂಕಣ ಸಾಲು’, ‘ಬಡಗಣ ಸಾಲು’ ಅಂದರೆ ಮಕ್ಕಳಿಗೆ ಚಿತ್ರದಲ್ಲೇ ಹೊಂದುತ್ತದೆ, ಅಕ್ಷರವೂ ಕಡಿಮೆ. ಇದನ್ನು ಸೋಬಾನೆಗೆ ಹೋಲಿಸಬೇಡಿ. ಸೋಬಾನೆಯಲ್ಲಿ ಒಬ್ಬರು ಹೇಳಿದ್ದನ್ನು ಉಳಿದವರು ತಿರುಗಿ ಹೇಳುತ್ತಾರೆ. ಇಲ್ಲಿ ಕೀರ್ತನೆಯ ಒಂದು ವಚನ (ಬೈಬಲಿನ ಅಂಕಿ ಹಾಕಿದ ವಾಕ್ಯ) ಈ ಸಾಲಿನದಾದರೆ ಮುಂದಿನ ವಚನ ಆ ಸಾಲಿನದು.

ಪ್ರೊಬೇಷನರ್‌ಗೆ ಪದ ಹುಡುಕುವವರು ಆ ವರ್ಷ ಏನು ಕಲಿಯುತ್ತಾರೆ ಅನ್ನುವುದನ್ನು ನೋಡಿ. ಮುಖ್ಯವಾಗಿ ಕೀರ್ತನೆ ಹಾಡುವುದು. ಆಂಗ್ಲಿಕನ್ ಚಾಂಟ್‌ನ (ಇಂಗ್ಲೆಂಡ್ ಚರ್ಚಿನಲ್ಲಿ ಕೀರ್ತನೆ ಹಾಡುವ ಧಾಟಿ) ಒಂದು ಮಟ್ಟಿನಲ್ಲಿ ಇರುವುದು ಹತ್ತೇ ಸ್ವರ, ಜೋಡಿಮಟ್ಟಾದರೆ ಎರಡು ವಚನಕ್ಕೆ ಇಪ್ಪತ್ತು. ವಚನ ಉದ್ದವಿರಲಿ ಗಿಡ್ಡವಿರಲಿ, ಅಷ್ಟರಲ್ಲೇ ಮುಗಿಯಬೇಕು. ಹೆಚ್ಚಿನ ಮಾತುಗಳನ್ನು ಮೊದಲ ಸ್ವರದ ಮೇಲೇ ಆಡುವಂತೆ ಹಾಡಿ, ಪುಸ್ತಕದಲ್ಲಿ ಅಕ್ಷರಗಳ ನಡುವೆ ಸಣ್ಣ ನಿಲುಗೆರೆ ಬಂದಲ್ಲಿ ಸ್ವರ ಬದಲಿಸಬೇಕು. ಹೊಸ ಮಗು ಗೆರೆ ತಪ್ಪಿಸಿ ಒಂದು ಮಾತು ಮುಂಚೆಯೇ ಸ್ವರ ಬದಲಿಸಿದರೆ ಕಲ್ಲಿನ ಕಟ್ಟಡದಲ್ಲಿ ಆ ಒಂಟಿ ದನಿ ಎಲ್ಲರಿಗೂ ಕೇಳುತ್ತದೆ. ಅದಕ್ಕೇ ಹೊಸಬರನ್ನು ಇಬ್ಬರು ಹಿರಿಯ ಮಕ್ಕಳ ನಡುವೆ ನಿಲ್ಲಿಸುವುದು. ಹಿರಿಯವಳು ಪೆನ್ಸಿಲ್‌ನಲ್ಲಿ ಉಸಿರಿನ ಗುರುತು ಹಾಕಿಕೊಡುತ್ತಾಳೆ, ಸಾಲು ತೋರಿಸುತ್ತಾಳೆ. ಹೊಸಬರ ಇನ್ನೊಂದು ತಪ್ಪು, ಕಣ್ಣು ಪುಟದಲ್ಲೇ ನೆಟ್ಟು ನಡೆಸುವವರ ಕೈ ನೋಡದೇ ಇರುವುದು. ಪುಸ್ತಕ ಗಲ್ಲದ ಮಟ್ಟಕ್ಕೆ ಎತ್ತಿ ಹಿಡಿದರೆ ಎರಡೂ ಕಾಣುತ್ತವೆ.

ಹಳೆಯ ಕ್ರಮದಲ್ಲಿ 150 ಕೀರ್ತನೆಗಳನ್ನು 30 ದಿನಗಳ ಬೆಳಿಗ್ಗೆ, ಸಂಜೆಗೆ ಹಂಚಿದೆ. ಹದಿನೈದನೇ ತಾರೀಖಿನ ಸಂಜೆ ಬರುವುದು 78ನೇ ಕೀರ್ತನೆ, 73 ವಚನ. ಅನುವಾದದಲ್ಲಿ ಆ ಸಂಖ್ಯೆ ಬಂದರೆ ಕನ್ನಡ ಸತ್ಯವೇದ ನೋಡಿ 72 ಅಂತ ತಿದ್ದಬೇಡಿ, ಪ್ರಾರ್ಥನಾ ಪುಸ್ತಕದ ಎಣಿಕೆ ಬೇರೆ.

ಇದನ್ನೆಲ್ಲ ಮಾಡುವವಳು ‘ಕಲಿಗಳು’ ಅಲ್ಲ. ಶಿವಮೊಗ್ಗದವರು ‘ಕಲಿಗ’ನ ಸ್ತ್ರೀರೂಪ ಯೋಚಿಸಿರಲಿಕ್ಕಿಲ್ಲ. ‘ಹೊಸಬಳು’ ಸಾಕು. ಮಕ್ಕಳು ತಮ್ಮಲ್ಲೇ ಹಾಗೆ ಕರೆದುಕೊಳ್ಳುವ ಮಾತು.

ಒಂದು ಮಾತು ಬಿಟ್ಟೆ. ಹುಡುಗಿಯ ಚಿತ್ರ ನೋಡಿ ಯಾರಾದರೂ ‘ಇದು ಹುಡುಗರ ಕೆಲಸವಲ್ಲವೇ’ ಅಂತ ಕೇಳಿದರೆ, ಸಾಲ್ಸ್‌ಬರಿಯಲ್ಲಿ 1991ರಿಂದ ಹುಡುಗಿಯರ ಪ್ರತ್ಯೇಕ ತಂಡ ಇದೆ. ಇಂಗ್ಲೆಂಡಿನ ಹಳೆಯ ಕೆಥೀಡ್ರಲ್‌ಗಳಲ್ಲಿ ಅದೇ ಮೊದಲು.

ಉತ್ತರ 10 (ಧಾರವಾಡದಿಂದ)

‘ಹೊಸಬಳು’ ಛಲೋ ಐತ್ರಿ. ಸರ್ಪ್ಲಿಸ್‌ಗೆ ‘ಬೆಳ್ಳಂಗಿ’ ಬೇಡ, ‘ಬಿಳಿ ಮೇಲಂಗಿ’ ಅನ್ನಿ. ಲ್ಯಾಟಿನ್ ಮೂಲದಲ್ಲೂ ‘ಮೇಲೆ’ ಇದೆ: ಚಳಿಗೆ ಹಾಕಿಕೊಂಡ ತುಪ್ಪಳದ ಅಂಗಿಯ ಮೇಲಿನದು. ಅದಕ್ಕೇ ಅದು ಅಷ್ಟು ಸಡಿಲ, ತೋಳು ಅಷ್ಟು ಅಗಲ.

ಕೇಳಿದವರಿಂದ (ಬೆಂಗಳೂರು)

ಎಲ್ಲರಿಗೂ ಕೃತಜ್ಞತೆ. ಚಿತ್ರ ಮತ್ತೆ ನೋಡಿದೆ. ಹುಡುಗಿಯ ಮೈಮೇಲೆ ಬಿಳಿ ಮೇಲಂಗಿ ಇದೆ, ಪ್ರೊಬೇಷನರ್ ಬಾಣ ತೆಗೆದು ಪಕ್ಕದ ಹಸಿರು ನಿಲುವಂಗಿಯ ಪುಟ್ಟ ಹುಡುಗಿಗೆ ತಿರುಗಿಸಲು ಕಲಾವಿದರಿಗೆ ಹೇಳಿದ್ದೇನೆ. ಕ್ವಾಯರ್ ‘ಗಾನವೃಂದ’, ಕೋರಿಸ್ಟರ್ ‘ವೃಂದದ ಮಗು’, ಬಹುವಚನದಲ್ಲಿ ‘ವೃಂದದ ಮಕ್ಕಳು’. ಟ್ರೆಬಲ್ ಹಾಗೇ ಇರಲಿ, ಪಠ್ಯದಲ್ಲಿ ‘ಮಕ್ಕಳ ಮೇಲ್ದನಿ’ ಅಂತ ಒಂದು ಸಲ ಬಿಡಿಸುತ್ತೇನೆ. ಶಿವಮೊಗ್ಗದವರು ಕ್ಷಮಿಸಬೇಕು, ಚರ್ಚಿನೊಳಗೆ ಈಗಾಗಲೇ ಇರುವ ಪದವನ್ನು ಬಿಡಲು ಮನಸ್ಸು ಬರಲಿಲ್ಲ.

ಒಂದು ಬಾಣ ಉಳಿದಿದೆ. ಕುತ್ತಿಗೆ ಸುತ್ತ ಬಿಳಿಯ ಮಡಿಕೆ ಮಡಿಕೆಯ ಪಟ್ಟಿ, ರಫ್. ಸಂಜೆಯೊಳಗೆ ಹೇಳಿದರೆ ಉಪಕಾರ.

ಉತ್ತರ 11 (ಮಂಗಳೂರಿನಿಂದ)

ಅದಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಮಾತ್ರ ಮಡಿಕೆ ನಿಲ್ಲುತ್ತದೆ, ಇಲ್ಲವಾದರೆ ಒಂದೇ ಪ್ರಾರ್ಥನೆಗೆ ಜೋತುಬೀಳುತ್ತದೆ. ಸೀರೆಗೆ ಹೇಳುವ ಮಾತೇ ಸಾಕಲ್ಲ: ನಿರಿಗೆ ಪಟ್ಟಿ.

ಉತ್ತರ 12 (ಶಿವಮೊಗ್ಗದಿಂದ)

ನಿರಿಗೆ ಪಟ್ಟಿ. ಬೇರೆ ಹುಡುಕಬೇಡಿ.