ಕಾಲು ಉಳಿಸೋದಾ, ತೆಗೆಸೋದಾ? ಅನುಭವ ಇದ್ದವರು ಹೇಳಿ

ತುಮಕೂರಿನ ಅಕ್ಕ: ತಮ್ಮನಿಗೆ 26 ವರ್ಷ. ಬೈಕಿಗೆ ಟಿಪ್ಪರ್ ಗುದ್ದಿ ಎಡಗಾಲು ಮಂಡಿ ಕೆಳಗೆ ಜಜ್ಜಿಹೋಗಿದೆ. ಗ್ರೇಡ್ 3ಬಿ ಅಂತ ಬರೆದಿದ್ದಾರೆ, ಅಂದ್ರೆ ಚರ್ಮ, ಮಾಂಸ ಕಿತ್ತು ಮುರಿದ ಮೂಳೆ ಹೊರಗೆ ಕಾಣೋ ಗಾಯ, 6 ಸೆಂಟಿಮೀಟರ್ ಮೂಳೆನೇ ಇಲ್ಲ. ಪಾದದಡಿ ಮುಟ್ಟಿದ್ರೆ ಗೊತ್ತಾಗ್ತಿಲ್ಲ. ಒಬ್ಬ ಡಾಕ್ಟರು ಫ್ಲಾಪ್ ಮಾಡಿ (ಬೇರೆ ಕಡೆಯ ಚರ್ಮ, ಮಾಂಸ ತಂದು ಗಾಯ ಮುಚ್ಚಿ) ರಿಂಗ್ ಹಾಕೋಣ (ಕಾಲಿನ ಸುತ್ತ ಲೋಹದ ಬಳೆ, ಅದರಿಂದ ಮೂಳೆಗೆ ತಂತಿ, ಪಿನ್ನು) ಅಂತಾರೆ. ಇನ್ನೊಬ್ಬರು ಸ್ಪರ್ಶ ಇಲ್ಲದ ಕಾಲು ಯಾಕೆ, ಮಂಡಿ ಕೆಳಗೆ ತೆಗೆಯೋಣ ಅಂತಾರೆ. ಶುಕ್ರವಾರದೊಳಗೆ ಹೇಳಬೇಕು.

ಧಾರವಾಡ ರಿಂಗ್: ಅಕ್ಕಾರ, ತೆಗಸಬ್ಯಾಡ್ರಿ. ನಂದೂ 3ಬಿನ ಇತ್ತು. ರಿಂಗ್ ಹಾಕ್ಕೊಂಡು 14 ತಿಂಗಳು ಇದ್ದೆ. 10 ನಂಬರ್ ಪಾನಾ ಹಿಡಿದು ದಿನಕ್ಕ ನಾಕು ಸಲ ನಟ್ಟು ತಿರುಗಸೂದು. ಒಂದು ಸಲಕ್ಕ ಎಲುಬು ಕಾಲು ಮಿಲಿಮೀಟರ್ ಸರಿಯೂದು, ದಿನಕ್ಕ ಒಂದು. ರಾತ್ರಿ 12ರ ಪಾಳಿ ನಮ್ಮವ್ವಂದು, ನಾ ಮಲಗಿದ್ರೂ ಎದ್ದು ತಿರುಗಸ್ತಿದ್ಲು. ಹಂಗ ಸರಿದ ಜಾಗಾದಾಗ 7 ಸೆಂಟಿಮೀಟರ್ ಹೊಸ ಎಲುಬು ಬೆಳೀತು. ಸೈಬೀರಿಯಾದ ಕುರ್ಗಾನ್‌ದಾಗ ಇಲಿಜರೋವ್ ಡಾಕ್ಟರು 1950ರ ದಶಕದಾಗ ಕಂಡು ಹಿಡಿದದ್ದು, ದೇವರಂಥಾ ಮನಷ್ಯಾ. ಖರ್ಚು ಬರದಿಟ್ಟೀನಿ: ಫ್ಲಾಪ್ 1,85,000. ರಿಂಗ್ 1,40,000. ಎಲುಬಿನ ತುದಿ ಕೂಡೋ ಜಾಗಾ ಹತ್ತಲಿಲ್ಲ, ಸೊಂಟದ ಎಲುಬು ತಗದು ತುಂಬಿದ್ರು, 72,000. ಪಿನ್ನಿನ ಬುಡಕ್ಕ ಐದು ಸಲ ಕೀವು, ಒಂದು ತಂತಿ ಕಟ್ಟಾತು. ಔಷಧ, ಗಾಡಿ ಬಾಡಿಗಿ ಹಿಡಿದು ಒಟ್ಟು 6,31,400. ಎರಡು ಎಮ್ಮಿ ಮಾರಿದ್ವಿ. ಇವತ್ತು ಒಂದೂವರಿ ಸೆಂಟಿಮೀಟರ್ ಗಿಡ್ಡ ಐತಿ, ಆದ್ರ ಕಾಲು ನಂದ.

ಮಂಡ್ಯದವನು: ನಿಮಗೆ ಕೂಡ್ಕೊಳ್ತು ಧಾರವಾಡದಣ್ಣ, ಸಂತೋಷ. ನನ್ನದು 22 ತಿಂಗಳು, 11 ಆಪರೇಷನ್. ಮೂಳೆ ಒಳಗೆ ನಂಜು ಕೂತಿತ್ತು. ಕೊನೆಗೆ ಅದೇ ಕಾಲು ತೆಗೆಸಿದೆ, 9 ಲಕ್ಷ ಹೋದ ಮೇಲೆ. ಮೊದಲನೇ ದಿನವೇ ತೆಗೆಸಿದ್ರೆ ಮಗಳು ಹೆಜ್ಜೆ ಇಡೋವಾಗ ನಾನೂ ನಿಂತಿರ್ತಿದ್ದೆ. ಕೃತಕ ಕಾಲೂ ಸುಮ್ನೆ ಬರಲ್ಲ. ಮೊದಲ ವರ್ಷ ಸ್ಟಂಪ್ (ಉಳಿದ ಮೋಟುಗಾಲು) ಕರಗ್ತಾ ಹೋಗುತ್ತೆ, ಅದು ಕೂರೋ ಸಾಕೆಟ್ ಎರಡು ಸಲ ಬದಲಾಯಿಸಿದೆ. ಸಡಿಲ ಆಗದ ಹಾಗೆ ಸ್ಟಂಪಿಗೆ ಬೆಳಿಗ್ಗೆ ಒಂದು ಸಾಕ್ಸ್, ಸಂಜೆಗೆ ಮೂರು. ಸ್ಟಂಪಿಗೆ ಹಾಕೋ ಮೆತ್ತನೆ ಕವಚ, ಲೈನರ್, 32,000, ಒಂದು ವರ್ಷ ಬಂದ್ರೆ ಹೆಚ್ಚು. ಕಾರ್ಬನ್ ಪಾದ ಸೇರಿ ಕಾಲಿಗೆ 2,10,000. ಆದ್ರೂ ಇವತ್ತು ಕೊಟ್ಟಿಗೆ ಕೆಲಸ ಮಾಡ್ತೀನಿ.

ಸಾಗರದ ಮಾವ: 2 ಲಕ್ಷದ ಕಾಲು ಯಾರಿಗೆ ಬೇಕು ಮಾರಾಯ್ರೆ? ನಂದು ಜೈಪುರ ಕಾಲು, ಶಿಬಿರದಲ್ಲಿ ಪುಕ್ಕಟೆ ಕೊಟ್ಟಿದ್ದು. 1968ರಲ್ಲಿ ಸೇಠಿ ಡಾಕ್ಟರು, ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ನಮ್ಮಂಥವರಿಗೇ ಅಂತ ರಬ್ಬರಲ್ಲಿ ಮಾಡಿದ್ದು. ಬರಿಗಾಲಲ್ಲಿ ಗದ್ದೆಗೆ ಇಳೀತೇನೆ, ಕುಕ್ಕರುಗಾಲಲ್ಲಿ ಕೂರ್ತೇನೆ. ನಿಮ್ಮ ಕಾರ್ಬನ್ ಪಾದ ಕೆಸರಿಗೆ ಹಾಕಿ ನೋಡುವ.

ಮಂಡ್ಯದವನು: ಹಾಕಿದೀನಿ. ಕವರ್ ಹಾಕ್ಕೊಂಡು ನಾಟಿ ಮುಗಿಸಿದೀನಿ. ಶಿಬಿರದ ಕಾಲಲ್ಲಿ ನಂಗೆ ತೊಡೆ ಸಂದು ಒಡೆದು ಹುಣ್ಣಾಗಿತ್ತು, ಅಳತೆ ಸರಿ ತಗೊಂಡಿರಲಿಲ್ಲ. ನಿಮಗೆ ಸರಿಹೋಯ್ತು ಅಂತ ಎಲ್ಲರಿಗೂ ಹೇಳ್ಬೇಡಿ.

ಫಿಸಿಯೊ, ಬೆಂಗಳೂರು: ಅಕ್ಕ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಪಾದದಡಿ ಸ್ಪರ್ಶ ಇಲ್ಲ ಅಂದ ಮಾತ್ರಕ್ಕೆ ಕತ್ತರಿಸಬೇಕು ಅನ್ನೋದು ಹಳೇ ಲೆಕ್ಕ. ಅಮೆರಿಕದ 8 ಟ್ರಾಮಾ ಸೆಂಟರ್‌ಗಳಲ್ಲಿ (ಅಪಘಾತದ ಆಸ್ಪತ್ರೆಗಳಲ್ಲಿ) ಹೀಗೆ ಕಾಲು ಜಜ್ಜಿಹೋದ 569 ಜನರನ್ನು ಹಿಂಬಾಲಿಸಿ ನೋಡಿದ್ರು, 2002ರಲ್ಲಿ ವರದಿ ಬಂತು. ಸ್ಪರ್ಶ ಇಲ್ಲದ ಕಾಲು ಉಳಿಸಿಕೊಂಡವರಲ್ಲಿ ಸುಮಾರು ಅರ್ಧ ಜನಕ್ಕೆ ಎರಡು ವರ್ಷದಲ್ಲಿ ಅದು ಮರಳಿತ್ತು ಅಂತ ಆಮೇಲೆ ಅದೇ ತಂಡ ತೋರಿಸಿತು. ಎರಡು ವರ್ಷಕ್ಕೆ ಓಡಾಟದಲ್ಲಿ ಉಳಿಸಿಕೊಂಡವರೂ ತೆಗೆಸಿದವರೂ ಹೆಚ್ಚುಕಡಿಮೆ ಒಂದೇ. ಉಳಿಸಿಕೊಂಡವರು ಆಸ್ಪತ್ರೆಗೆ ಮತ್ತೆ ಮತ್ತೆ ಸೇರಿದ್ರು, ಅದೂ ನಿಜ. ನಮ್ಮಪ್ಪಂಗೆ ತಡಮಾಡಿ ಮಂಡಿ ಮೇಲೆ ತೆಗೆದ್ರು. ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ. ಏನೇ ಮಾಡಿ, ಮಂಡಿ ಕಳ್ಕೋಬೇಡಿ.

ಧಾರವಾಡ ರಿಂಗ್: ನಂಜು ಯಾಕ ಆಗತೈತ್ರಿ? ಡ್ರೆಸ್ಸಿಂಗ್ ಸರಿ ಮಾಡಲಿಲ್ಲಂದ್ರ ಆಗತೈತಿ. ಅರ್ಧಕ್ಕ ಬಿಟ್ಟವರು ರಿಂಗಿಗೆ ಹೆಸರಿಡಬ್ಯಾಡ್ರಿ.

ಮಂಡ್ಯದವನು: ಅರ್ಧಕ್ಕಾ? 22 ತಿಂಗಳು ಅಂದಿದ್ದು ಓದಿಲ್ವಾ? ದಿನಾ ಡ್ರೆಸ್ಸಿಂಗ್ ಮಾಡ್ತಿದ್ದಿದ್ದು ನನ್ನ ಹೆಂಡ್ತಿ. ಕೈ ತೊಳೆದೂ ತೊಳೆದೂ ಅವಳ ಬೆರಳ ಸಂದಿ ಬಿರಿದು ರಕ್ತ ಬರೋದು. ನನ್ನ ಏನು ಬೇಕಾದ್ರೂ ಅನ್ನಿ, ಅವಳ ವಿಷಯಕ್ಕೆ ಬರಬೇಡಿ.

ಧಾರವಾಡ ರಿಂಗ್: ತಂಗೀಗೆ ಅಂದದ್ದಲ್ಲ, ತಪ್ಪಾತು. ರಿಂಗಿನ ವಿಷಯದಾಗ ನನ್ನ ಮಾತು ನನ್ನ ಮಾತ.

ತುಮಕೂರಿನ ಅಕ್ಕ: ಎಲ್ಲಾ ತಮ್ಮನಿಗೆ ಓದಿ ಹೇಳಿದೆ. ಡ್ರೆಸ್ಸಿಂಗಿಗೆ ದಿನಾ ಎಷ್ಟು ಹೊತ್ತು ಬೇಕು ಅಂತ ಕೇಳ್ತಿದಾನೆ. ಮನೇಲಿರೋದು ನಾನೊಬ್ಬಳೇ.

ಮಂಡ್ಯದವನು: ನಮ್ಮನೇಲಿ 50 ನಿಮಿಷ ಹಿಡೀತಿತ್ತು ತಾಯಿ. ನೀರು ರಾತ್ರಿಯೇ ಕುದಿಸಿ ಮುಚ್ಚಿಟ್ಕೊಳ್ಳಿ. ಒಂದೊಂದು ಪಿನ್ನಿಗೂ ಬೇರೆ ಬೇರೆ ಗಾಜ್ ತುಂಡು, ಒಂದಕ್ಕೆ ಮುಟ್ಟಿಸಿದ್ದು ಇನ್ನೊಂದಕ್ಕೆ ಬೇಡ. ಇದನ್ನ ನನ್ನ ಹೆಂಡ್ತಿ ಪಕ್ಕದಲ್ಲಿ ಕೂತು ಹೇಳ್ತಿದಾಳೆ.